ವಿಷಯಾಂತರ

ಏಪ್ರಿಲ್. ತುಮಕೂರು ಮೂವತ್ತೆಂಟು ಡಿಗ್ರಿ.
ಮೇಲಿನ ಫ್ಯಾನು ತಿರುಗಲೋ ಬೇಡವೋ ಎಂದು
ಅಲಿಪ್ತ ನೀತಿ ಪಾಲಿಸುತ್ತಿದೆ.
ಓಬಳೇಶಪ್ಪ ಮೇಷ್ಟ್ರು ಕರ್ಚೀಫಿನಿಂದ ಕತ್ತು ಒರೆಸಿಕೊಂಡು
ಬೋರ್ಡಿನ ಮೇಲೆ ಬರೆಯುತ್ತಾರೆ: ಶೀತಲ ಸಮರ.
ಹಿಂದಿನ ಬೆಂಚಿನಿಂದ ಯಾರೋ,
‘ಶೀತಲ ಆದ್ರೆ ಸಾಕು ಸಾರ್, ಸಮರ ನಾವೇ ನೋಡ್ಕೋತೀವಿ.’

ಗೋಡೆಯಲ್ಲಿ ಒಂದೇ ಮೊಳೆಗೆ ವಾಲಿಕೊಂಡ ಭೂಪಟ.
ಅದರಲ್ಲಿನ್ನೂ ಸೋವಿಯತ್ ಒಕ್ಕೂಟ ಅಖಂಡ,
ಯುಗೊಸ್ಲಾವಿಯ ಗಟ್ಟಿಮುಟ್ಟು.
ಹೊಸದಕ್ಕೆ ಅರ್ಜಿ ಹೋಗಿ ಆರು ವರ್ಷ.
ಮೇಷ್ಟ್ರು ಕೋಲು ಹಿಡಿದು ತೋರಿಸುತ್ತಾರೆ:
‘ಇದು ಇಲ್ಲ. ಇದೂ ಇಲ್ಲ.
ಇದು ಈಗ ಆರೋ ಏಳೋ, ಹೇಳುವವರ ಮೇಲೆ ಹೋಗುತ್ತೆ.’
ಇಲ್ಲದ ದೇಶಗಳನ್ನು ಎಚ್ಚರದಿಂದ ಬರೆದುಕೊಳ್ಳುತ್ತೇವೆ,
ಐದು ಅಂಕಕ್ಕೆ ಬರಬಹುದು.

ನಾನು ಪಾವಗಡದವಳು.
ಜಿಲ್ಲೆಯ ನಕ್ಷೆಯಲ್ಲಿ ನಮ್ಮ ತಾಲ್ಲೂಕು
ಮುದ್ದೆ ತೊಳೆಸುವಾಗ ಸಿಡಿದು ಒಲೆಯಾಚೆ ಬಿದ್ದ ಹಿಟ್ಟು.
ಸುತ್ತ ಆಂಧ್ರ. ನೀರಿಲ್ಲದ ದ್ವೀಪ.
ಮಿಡಿಗೇಶಿ ದಾಟಿದ ಮೇಲೆ
ಬಸ್ಸು ಯಾರನ್ನೂ ಕೇಳದೆ ಬೇರೆ ರಾಜ್ಯಕ್ಕೆ ನುಗ್ಗುತ್ತದೆ.
ಮೊಬೈಲು ಒಮ್ಮೆ ಕಿಣಿ ಎನ್ನುತ್ತದೆ,
ಅಂಗಡಿ ಬೋರ್ಡಿನ ಅಕ್ಷರಗಳು ತಲೆಕಟ್ಟು ಬದಲಿಸುತ್ತವೆ.
ಪಕ್ಕದ ಸೀಟಿನ ಹೆಂಗಸು ಕಡಲೆಕಾಯಿ ಬಿಡಿಸುತ್ತ
ಸಿಪ್ಪೆಯನ್ನು ಎರಡೂ ರಾಜ್ಯಗಳಿಗೆ ಸಮನಾಗಿ ಎಸೆಯುತ್ತಾಳೆ.

ಲೈಬ್ರರಿಯಲ್ಲಿ ಓದಿದ್ದೆ: ಸಾವಿರದೊಂಬೈನೂರ ಹದಿನಾರರಲ್ಲಿ
ಲಂಡನ್ನು ಪ್ಯಾರಿಸ್ಸು ಕೂಡಿ
ಯಾರದೋ ಮರುಭೂಮಿಯ ಮೇಲೆ ಗೀಟು ಎಳೆದವಂತೆ.
‘ನಮ್ಮದನ್ನು ಎಳೆದವರ ಪೆನ್ಸಿಲು ಮೊಂಡಾಗಿತ್ತೇನೋ’
ಎಂದು ನೋಟ್ಸಿನ ಅಂಚಿಗೆ ಬರೆದು
ಆಮೇಲೆ ಹೊಡೆದುಹಾಕಿದೆ.

ಮೂರನೇ ಸೆಮಿಸ್ಟರಿನ ಇಂಟರ್ನಲ್ಲು.
ಬರ್ಲಿನ್ ಗೋಡೆ: ನಿರ್ಮಾಣ, ಪತನ, ಪರಿಣಾಮ.
ನಿರ್ಮಾಣ ಬರೆದೆ. ಆಗಸ್ಟ್ ಹದಿಮೂರು, ಅರವತ್ತೊಂದು, ಭಾನುವಾರ,
ಊರು ಮಲಗಿದ್ದಾಗ ತಂತಿ ಸುತ್ತಿದರು.
ಅಲ್ಲಿಗೆ ನಿಲ್ಲಬೇಕಿತ್ತು ಪೆನ್ನು.

ಕೊರೊನಾ ವರ್ಷ. ಬೆಳಗಾಗುವುದರೊಳಗೆ
ನಮ್ಮೂರಿಗೂ ದೊಡ್ಡಮ್ಮನ ಊರಿಗೂ ನಡುವೆ
ಜೆಸಿಬಿಯೊಂದು ಮಣ್ಣಿನ ದಿಬ್ಬ ಸುರಿದು ಹೋಗಿತ್ತು,
ಮೇಲೆ ಜಾಲಿಮುಳ್ಳು.
ಅಲ್ಲಿಯವರೆಗೆ ಗೆರೆ ಎಲ್ಲಿದೆಯೆಂದು
ನಮ್ಮ ಕುರಿಗಳಿಗೂ ಗೊತ್ತಿರಲಿಲ್ಲ.
ಅಮ್ಮ ಈಚೆ, ದೊಡ್ಡಮ್ಮ ಆಚೆ.
‘ತಿನ್ನಾವಾ?’ ಅಂದಳು ಆಕೆ.
‘ಉಂಡೆ ಕಣಕ್ಕಾ’ ಅಂದಳು ಈಕೆ.
ಮುಳ್ಳಿನ ಮೇಲಿಂದ ಟಿಫಿನ್ ಡಬ್ಬಿ ಬಂತು,
ಒಳಗೆ ಹುಣಸೆ ಚಿಗುರಿನ ಪಪ್ಪು, ಇನ್ನೂ ಬಿಸಿ.
ಖಾಲಿ ಡಬ್ಬಿ ಕೊಡಬಾರದೆಂದು
ಅಮ್ಮ ಅಚ್ಚು ಬೆಲ್ಲ ಇಟ್ಟು ವಾಪಸು ಎಸೆದಳು.
ಪೊಲೀಸಪ್ಪ ಆ ಕಡೆ ತಿರುಗಿ ಬೀಡಿ ಹಚ್ಚಿಕೊಂಡ.

ಪತನ: ಮಳೆ ಬಂತು. ಟ್ರ್ಯಾಕ್ಟರುಗಳು ಓಡಾಡಿದವು.
ದಿಬ್ಬ ಚಪ್ಪಟೆಯಾಯಿತು. ಯಾರೂ ಹತ್ತಿ ಕುಣಿಯಲಿಲ್ಲ,
ಅದರ ಒಂದು ಹೆಂಟೆಯನ್ನೂ ಯಾವ ಮ್ಯೂಸಿಯಮ್ಮೂ ಕೇಳಲಿಲ್ಲ.
ಪರಿಣಾಮ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಇಪ್ಪತ್ತಕ್ಕೆ ಹನ್ನೊಂದು.
ಮಾರ್ಜಿನ್ನಿನಲ್ಲಿ ಕೆಂಪು ಶಾಯಿ: ವಿಷಯಾಂತರ.
ನನ್ನ ಪ್ಯಾರಾದ ಉದ್ದಕ್ಕೂ ನೆಟ್ಟಗಿನ ಗೆರೆ,
ಸ್ಕೇಲಿಟ್ಟು ಎಳೆದದ್ದು.

ಮೇಷ್ಟ್ರ ಕೋಣೆಗೆ ಹೋದೆ. ಕೆಟ್ಟವರಲ್ಲ ಅವರು.
‘ನೋಡು ಗೌತಮಿ, ಅಲ್ಲಿ ದಾಟಿದವರಿಗೆ ಗುಂಡು ಬಿತ್ತು.
ಇಲ್ಲಿ ಪಪ್ಪು ದಾಟಿತು.
ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗುತ್ತೇನಮ್ಮ?’
ಆಗಲ್ಲ. ನನಗೂ ಗೊತ್ತಿತ್ತು, ಬರೆಯುವಾಗಲೇ.
ಆದರೂ ಬರೆದಿದ್ದೆ; ಯಾಕೆಂದು ಹೇಳಲು ಬರಲಿಲ್ಲ.
ಕಿಟಕಿಯಾಚೆ ಬಿ.ಎಚ್. ರಸ್ತೆಯ ಲಾರಿಗಳ ಸದ್ದು.

ಅವರು ಪೇಪರಿನ ಕಟ್ಟು ಬಿಗಿದು
ದಾರವನ್ನು ಹಲ್ಲಿನಿಂದ ಕಡಿದು
ಎಷ್ಟೋ ಹೊತ್ತಾದ ಮೇಲೆ ಕೇಳಿದರು:
‘ದೊಡ್ಡಮ್ಮ ಹೇಗಿದ್ದಾರೆ ಈಗ?’

‘ಚೆನ್ನಾಗಿದ್ದಾರೆ ಸಾರ್.
ಆ ಡಬ್ಬಿ ಮುಚ್ಚಳ ಮಾತ್ರ ನಮ್ಮನೇಲೇ ಉಳ್ಕೊಂಡಿದೆ.
ಬಂದಾಗೆಲ್ಲ ಕೇಳ್ತಾರೆ.’