ಕಣ್ಣಳತೆ

ಇಲಾಖೆ ನನಗೆ ಕೊಟ್ಟದ್ದು
ಒಂದು ಸ್ಟೀಲಿನ ಪಟ್ಟಿ, ಒಂದು ಟಾರ್ಚು,
ಪಂಚನಾಮೆಯ ಪುಸ್ತಕ,
ಹತ್ತು ಮಾರಿಗೊಮ್ಮೆ ಕೆಮ್ಮುವ ಎಂಜಿನ್ನಿನ ದೋಣಿ.
ಮಿರಗ ಹುಟ್ಟಿದ ಮೇಲೆ ಎರಡು ತಿಂಗಳು
ಅನಗವಾಡಿ ಪೂಲಿನಿಂದ ಹೆರಕಲ್ಲಿನ ತನಕ
ನೀರಿಗೆ ನಾನೇ ಅಗಳಿ.

ಕೆಲಸ ಸಣ್ಣದು: ಬಲೆಯ ಕಣ್ಣು ಅಳೆಯುವುದು.
ಗಂಟಿನಿಂದ ಗಂಟಿಗೆ ಎಳೆದು ಹಿಡಿದು
ಪಟ್ಟಿ ಇಟ್ಟು ಓದಿ ಬರೆದುಕೊಳ್ಳುವುದು.
ಕಣ್ಣು ಸಣ್ಣದಿದ್ದರೆ ಬಲೆ ಸರ್ಕಾರದ್ದು.
ದೊಡ್ಡದಿದ್ದರೂ, ಈ ಎರಡು ತಿಂಗಳು,
ಸರ್ಕಾರದ್ದೇ.

ಆ ರಾತ್ರಿ ಟಾರ್ಚಿಗೆ ಸಿಕ್ಕಿದ್ದು
ದೋಣಿಯಲ್ಲ, ಹರಗೋಲಲ್ಲ,
ಗಾಳಿ ತುಂಬಿದ ಟ್ರ್ಯಾಕ್ಟರಿನ ಟ್ಯೂಬು.
ಅದರ ಮೇಲೆ ಮಂಡಿ ಮಡಚಿ ಕೂತ ಒಬ್ಬ ಹುಡುಗ.
ಹೆಸರು?
ದುರಗಪ್ಪ.
ಅಡ್ಡಹೆಸರು?
ಅಂಬಿಗೇರ.
ಲೈಸೆನ್ಸು?
ಮುತ್ಯಾನ ಹೆಸರಿನ್ಯಾಗ ಐತ್ರಿ.
ಮುತ್ಯಾ ಎಲ್ಲಿ?
ಹುಡುಗ ನೀರು ತೋರಿಸಿದ.
ನಾನು ಮುಂದೆ ಕೇಳಲಿಲ್ಲ.

ಎಳೆದೆ. ಬಲೆಯಲ್ಲ ಅದು, ಸೊಳ್ಳೆಪರದೆ.
ಪಟ್ಟಿ ಇಡಲು ಕಣ್ಣೇ ಇಲ್ಲ.
ಒಳಗೆ ಬೇವಿನೆಲೆ ಉದುರಿದ ಹಾಗೆ
ಸಣ್ಣ ಸಣ್ಣ ಮರಿ,
ನಡುವೆ ಮೊಣಕೈಯುದ್ದದ ಒಂದು ಬಾಳಿ.
ಎತ್ತಿ ಹಿಡಿದರೆ ಹೊಟ್ಟೆಯಿಂದ ತತ್ತಿ ಜಿನುಗಿ
ನವಣೆಯ ಹಾಗೆ ಅಂಗೈಗೆ ಮೆತ್ತಿತು.
ಕೈ ತೊಳೆಯಲೂ ಅದೇ ನೀರು.

ಮರುದಿನ ನವನಗರದ ಆಫೀಸಿಗೆ
ಮೊದಲ ಬಸ್ಸಿಗೇ ಬಂದಳು ಲಗಮವ್ವ.
ಕಾಲು ಹಿಡಿಯಲಿಲ್ಲ, ಅಳಲಿಲ್ಲ,
ಟೇಬಲ್ಲಿನ ಮೇಲಿನ ಪಟ್ಟಿ ನೋಡುತ್ತ ನಿಂತಳು.
‘ನಮ್ಮತ್ತಿ ಹೇಳತಿದ್ಲು, ಕಣ್ಣಾಗ ಎರಡು ಬಟ್ಟು ತೂರಬೇಕು.
ಹೊಸನೀರಿಗೆ ಏರೋ ಮೀನ ಮುಟ್ಟಬಾರದು,
ಬಸುರಿ ತವರಿಗೆ ಹೊಂಟಾಳ, ದಾರಿ ಬಿಡ್ರಿ, ಅಂತ.
ಅದಕ್ಕ ರಸೀದಿ ಇರಲಿಲ್ರಿ.’

ಹಾಗಾದರೆ ಸೊಳ್ಳೆಪರದೆ ಯಾಕೆ, ಎಂದೆ.
ಸ್ವಲ್ಪ ಜೋರಾಗಿಯೇ ಎಂದೆ.

‘ಪರದಿ ದವಾಖಾನಿಯವರು ಕೊಟ್ಟದ್ದು.
ಬುದ್ಧಿ ಯಾರು ಕೊಟ್ರೋ ಗೊತ್ತಿಲ್ಲ.
ಆವಾಗ ಹೊಳಿ ಹರೀತಿತ್ತು, ಸಾಹೇಬ್ರ.
ಈಗ ನಿಂತೈತಿ.
ನಿಂತ ನೀರಾಗ ಏರು ಯಾವುದು, ಇಳಿ ಯಾವುದು?
ಮೀನಕ್ಕೂ ತಿಳಿವಲ್ದು, ಹುಡುಗಗೂ ತಿಳಿವಲ್ದು.’
ಆಮೇಲೆ, ಸೆರಗಿನ ಗಂಟು ಬಿಚ್ಚುತ್ತ,
‘ಟೆಂಡರ್ ಹಿಡಿದವನ ಬಲಿಗೂ
ಪಟ್ಟಿ ಹಚ್ಚೀರೇನು?’

ಹಚ್ಚಿದ್ದೆ. ಒಮ್ಮೆ.
ಆ ಹಾಳೆಯನ್ನು ಮೇಲಿನವರು ತರಿಸಿಕೊಂಡರು.
ಪುಸ್ತಕದಲ್ಲಿ ಮೂವತ್ತೊಂದರ ಮುಂದಿನ ನಂಬರು
ಮೂವತ್ತಮೂರು.

ದಂಡದ ನೋಟು ಮೀನು ನಾರುತ್ತಿದ್ದವು.
ಎಣಿಸಿಕೊಂಡೆ, ರಸೀದಿ ಹರಿದೆ.
ಪರದೆ ಬೇಕೆನ್ನಲಿಲ್ಲ ಆಕೆ.
‘ಸುಟ್ಟುಬಿಡ್ರಿ. ಹುಡುಗಗ ಬ್ಯಾರೆ ನೂಲು ಕೊಡಸತೀನಿ.
ಆ ಪಟ್ಟಿ ಒಂದೀಟು ಈ ಕಡೆ ಕೊಡ್ರಿ.’

ಸ್ಟೀಲಿನ ಮೇಲೆ ಎರಡು ಬೆರಳು ಒತ್ತಿಟ್ಟಳು.
ಗೆಣ್ಣು ಬಾತ ಬೆರಳು, ನೂಲು ಕೊರೆದ ಗೆರೆಗಳು.
ಬಗ್ಗಿ ಓದಿದೆ:
ಕಾಯ್ದೆಗಿಂತ ನಾಲ್ಕು ಮಿಲಿಮೀಟರು ಹೆಚ್ಚು.
ಹೇಳಿದಾಗ ನಕ್ಕಳು, ಇದ್ದ ಮೂರು ಹಲ್ಲಿನಲ್ಲಿ:
‘ವಯಸ್ಸಿಗೆ ದಪ್ಪಾಗ್ಯಾವ.
ಮೀನಕ್ಕ ಲಾಭ.’

ಪರದೆ ಇನ್ನೂ ಸುಟ್ಟಿಲ್ಲ. ಆದೇಶ ಬರಬೇಕು.
ಕಪಾಟಿನ ಹಿಂದೆ ಸುತ್ತಿ ಇಟ್ಟಿದ್ದೇನೆ,
ಮಧ್ಯಾಹ್ನದ ಬಿಸಿಲಿಗೆ ಆಫೀಸೆಲ್ಲ ಹೊಳೆಯ ವಾಸನೆ.

ಮತ್ತೆ ಆ ಬಾಳಿ.
ಪಂಚನಾಮೆಯಲ್ಲಿ ಬರೆದದ್ದು ನಾನೇ:
‘ಜೀವಂತ ನೀರಿಗೆ ಬಿಡಲಾಯಿತು.’
ಬಿಟ್ಟೆ, ನಿಜ.
ಒಂದು ಗಳಿಗೆ ಮಗ್ಗುಲಾಗಿ ತೇಲಿತು,
ಕಿವಿರು ಒಮ್ಮೆ ತೆರೆಯಿತು,
ಅಷ್ಟರಲ್ಲಿ ದೋಣಿ ತಿರುಗಿ ಟಾರ್ಚು ಬೇರೆಲ್ಲೋ ಬಿತ್ತು.
ಮತ್ತೆ ಬೆಳಕು ಹಿಡಿದಾಗ ಬರೀ ನೀರು.
ಈಜಿ ಹೋಯಿತೋ, ಮುಳುಗಿತೋ,
ನನ್ನ ಕಣ್ಣಳತೆಗೆ ಸಿಗಲಿಲ್ಲ.