ಎಂಜಲು

ಹಡಗಿನ ಹೊಟ್ಟೆಯೊಳಗೆ, ನೀರಿನ ಗೆರೆಗಿಂತ ಒಂದಂತಸ್ತು ಕೆಳಗೆ
ನನ್ನ ಕೆಲಸ. ಟವೆಲು, ಚಾದರ, ಮತ್ತೆ ಟವೆಲು.
ಹನ್ನೊಂದು ವರ್ಷ ಬಂದರುಗಳನ್ನೆಲ್ಲ ನಾನು
ಜರಡಿಯಲ್ಲಿ ಉಳಿದ ಮರಳಿನಿಂದ ಗುರುತಿಸಿದ್ದೇನೆ:
ಇದು ಕಪ್ಪು, ಇದು ಇಟ್ಟಿಗೆಪುಡಿ,
ಇದು ಅಕ್ಕಿನುಚ್ಚಿನಂಥ ಬಿಳಿ.
ಈಜು ಬಾರದು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಪೇಟೆಯಲ್ಲಿ ಸಿಕ್ಕಿತು ಐದು ತಾಸಿನ ಬಿಡುಗಡೆ.
ಇಸಾಗಾನಿ ಮುಂದೆ, ನಾನು ಹಿಂದೆ,
ಕಾಲಿಗೆ ನೆಲ ಇನ್ನೂ ತೂಗುತ್ತಿತ್ತು.
ಬ್ಯಾಂಕಿನ ಮೆಟ್ಟಿಲ ಮೇಲೆ ಹುಂಜ,
ಕಂಕುಳಲ್ಲಿ ಮೊಳದುದ್ದದ ಬ್ರೆಡ್ಡು ಸಿಕ್ಕಿಸಿಕೊಂಡ ಪೊಲೀಸ,
ಹಳದಿ ಇಗರ್ಜಿಯ ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆ;
ಒಳಗೆ ಬೀಸಣಿಗೆ ಬೀಸುತ್ತಿದ್ದ ಮುದುಕಿ
ನನ್ನ ಪಾದ ನೋಡಿ, ಬೀಸುವುದು ನಿಲ್ಲಿಸಿ, ಮತ್ತೆ ಬೀಸಿದಳು.

ಮಾರುಕಟ್ಟೆಯಲ್ಲಿ ನಮ್ಮ ಹಡಗಿನವರೇ ಹೆಚ್ಚು.
ಅವರ ಹೆಸರು ತಿಳಿಯದು,
ಅವರ ದಿಂಬಿನ ಗವಸುಗಳು ತಿಳಿದಿವೆ:
ಯಾರ ರೆಪ್ಪೆಯ ಮಸಿ, ಯಾರ ಮೂಗಿನ ರಕ್ತ.
ವೆನಿಲಾ ಕೋಡುಗಳನ್ನು ಸೂಡುಕಟ್ಟಿ ಮಾರುವವಳು ಹೇಳಿದಳು,
ಎಡಗಿವಿಗೆ ಹೂವಿದ್ದರೆ ಮನಸ್ಸು ಕೊಟ್ಟಾಗಿದೆ,
ಬಲಗಿವಿಗಿದ್ದರೆ ಇನ್ನೂ ಇಲ್ಲ.
ಅವಳಿಗೆ ಎರಡೂ ಕಿವಿಗೆ ಹೂವು.
ಇಸಾಗಾನಿ ಹುಬ್ಬೇರಿಸಿದ.
'ನನಗೆ ಪುರುಸೊತ್ತಿಲ್ಲ' ಎಂದಳು, ಚಿಲ್ಲರೆ ಎಣಿಸುತ್ತ.

ಬಸ್ಸು ಹಿಡಿದು ಹದಿನೆಂಟನೇ ಕಿಲೋಮೀಟರು ಕಲ್ಲಿಗೆ.
ಊರಿಗೆ ಹೆಸರಿದೆಯಂತೆ, ಯಾರೂ ಹೇಳುವುದಿಲ್ಲ,
ಕಲ್ಲಿನ ಲೆಕ್ಕವೇ ವಿಳಾಸ.
ಜೀಗುಜ್ಜೆ ಮರದಡಿ ನೀಲಿ ಪೀಪಾಯಿ,
ಅದರೊಳಗೆ ಮುಳುಗಿ ಮೇಲೆ ನೋಡುತ್ತಿದ್ದವು
ಇಪ್ಪತ್ತು ಮುಖವಾಡ, ಮುಖಗಳಿಲ್ಲದೆ.
ವೈಮಿತಿ ಒಂದನ್ನು ಆರಿಸಿದಳು,
ಗಾಜಿನೊಳಗೆ
ಥೂ ಎಂದು ಉಗಿದಳು,
ಹೆಬ್ಬೆರಳಿನಿಂದ ಉಜ್ಜಿ, ಉಪ್ಪುನೀರಲ್ಲಿ ಜಾಲಿಸಿ
ನನ್ನತ್ತ ಚಾಚಿದಳು: ಇನ್ನು ಮಂಜು ಕಟ್ಟುವುದಿಲ್ಲ.

ನಮ್ಮಮ್ಮನ ಮನೆಯಲ್ಲಿ
ಲೋಟ ತುಟಿಗೆ ತಾಗಬಾರದು. ಎತ್ತಿ ಕುಡಿ, ಎತ್ತಿ.
ತಾಗಿದರೆ ಹುಣಸೆಹಣ್ಣು, ಬೂದಿ,
ಮೂರು ಸಲ ಬೆಳಗುವ ಶಿಕ್ಷೆ.
ಅಷ್ಟು ದೂರದ ಗದರಿಕೆ
ಅಷ್ಟೆಲ್ಲ ಸಮುದ್ರ ದಾಟಿ ಬಂದು
ನನ್ನ ಕೈ ಹಿಂದಕ್ಕೆಳೆಯಿತು.
ವೈಮಿತಿ ಕಾದಳು. ಎಪ್ಪತ್ತಾದರೂ ಆಗಿರಬೇಕು,
ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು,
ಅವಸರವಿರಲಿಲ್ಲ.

ಹಾಕಿಕೊಂಡೆ.

ಸೊಂಟದುದ್ದ ನೀರಲ್ಲಿ ಅವಳು ನನ್ನ ಹೊಟ್ಟೆಯಡಿ ಅಂಗೈಯಿಟ್ಟಳು,
ಕೂಸಿಗೆ ಎರೆಯುವವರು ಹಿಡಿಯುವ ಹಾಗೆ.
ಕಿವಿ ಮುಳುಗಿತು. ಮೊದಲು ನನ್ನದೇ ಉಸಿರು,
ಹಳೆಯ ಬಾಯ್ಲರಿನಂತೆ.
ಆಮೇಲೆ ಅದರಾಚೆ ಒಂದು ಸದ್ದು:
ಕರುಂ, ಕರುಂ,
ಯಾರೋ ಹುರಿಗಡಲೆ ಜಗಿಯುವಂತೆ.

ಗಿಳಿಮೀನು. ಹಸಿರಿನೊಳಗೆ ಗುಲಾಬಿ ಬಾಯಿ.
ಹವಳದ ಗೋಡೆಗೆ ಕೊಕ್ಕು ಹಾಕಿ ಕಡಿಯಿತು,
ಕಡಿದು ಸ್ವಲ್ಪ ದೂರ ಹೋಗಿ
ಬಾಲದ ಬಳಿ ಬಿಳಿಯ ಹೊಗೆ ಬಿಟ್ಟಿತು.
ಹೊಗೆ ಮೆಲ್ಲಗೆ ಇಳಿದು
ತಳದ ಮರಳಿನ ಜತೆ ಮರಳಾಯಿತು.

ಅಂದರೆ ಇದೇ.
ಹನ್ನೊಂದು ವರ್ಷ ಜರಡಿಯಿಂದ ತಟ್ಟಿ ಕಸಕ್ಕೆ ಸುರಿದ
ಆ ಅಕ್ಕಿನುಚ್ಚು, ಮೀನು ಉಂಡುಬಿಟ್ಟದ್ದು.
ಜನ ಅದರ ಮೇಲೆ ಟವೆಲು ಹಾಸಿ ಮಲಗುತ್ತಾರೆ,
ಅಂಗೈಯಲ್ಲಿ ಎತ್ತಿ ಎಷ್ಟು ಶುಭ್ರ ಎನ್ನುತ್ತಾರೆ.
ನಗು ಬಂತು. ಕೊಳವೆಯೊಳಗೆ ನಕ್ಕರೆ
ಸಮುದ್ರ ಗಂಟಲಿಗೆ ಬರುತ್ತದೆ;
ಕೆಮ್ಮುತ್ತ ಎದ್ದು ನಿಂತಾಗ
ಹೊಟ್ಟೆಯಡಿ ಅಂಗೈ ಇರಲಿಲ್ಲ,
ವೈಮಿತಿ ಆಗಲೇ ದಡದಲ್ಲಿ
ಬೇರೆ ಯಾರದೋ ಗಾಜಿಗೆ ಉಗಿಯುತ್ತಿದ್ದಳು.
ಆಚೆ ಮೊರೆಆ ದ್ವೀಪ,
ಯಾರೋ ಕಡಿದಿಟ್ಟ ರೊಟ್ಟಿಯ ಅಂಚಿನಂತೆ.

ಮೌರುರು ಎಂದೆ. ನನ್ನ ಉಚ್ಚಾರಕ್ಕೆ ಅವಳು ನಕ್ಕಳು.

ವಾಪಸು ಬಸ್ಸಿನಲ್ಲಿ ಇಸಾಗಾನಿ ನೀರಿನ ಬಾಟಲಿ ಕೊಟ್ಟ.
ಇವತ್ತಾದರೂ ತುಟಿಗಿಟ್ಟು ಕುಡಿದೆ
ಎಂದು ಬರೆಯಬಹುದಿತ್ತು. ಇಲ್ಲ.
ಎತ್ತಿಯೇ ಕುಡಿದೆ,
ತಿರುವಿನಲ್ಲಿ ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡೆ.

ರಾತ್ರಿ ಆರುನೂರ ನಲವತ್ತು ಟವೆಲು.
ಮುಖದ ಸುತ್ತ ರಬ್ಬರಿನ ದುಂಡು ಗುರುತು
ಇನ್ನೂ ಮಾಸಿರಲಿಲ್ಲ,
ಮೇಸ್ತ್ರಿ ಕೇಳಿದ, ಏನಾಯಿತೋ ನಿನಗೆ.
ಜರಡಿ ತಟ್ಟಲು ಎತ್ತಿದೆ.
ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.