ಎಂಟು ಸುತ್ತು

ಅತ್-ಬಾಶಿ, ಕಿರ್ಗಿಸ್ತಾನ.
ಮೆಕ್ಯಾನಿಕ್ ಬುರುಲ್ಚಾ, ಷೇರ್ ಟ್ಯಾಕ್ಸಿಯ ಎಸೆನ್‌ಬೆಕ್‌ಗೆ

ಬಾಗಿಲು ಹಾಕು, ಹೊರಗೆ ಮೈನಸ್ ಇಪ್ಪತ್ತೆಂಟು.
ಚಹಾ ಆಮೇಲೆ. ಮೊದಲು ಸುಬಾರುವಿನ ದೂರು.
ಅಂಗಳದಲ್ಲಿ ಹೊರಳಿಸುವಾಗ
ಕಾಲು ಕಟ್ಟಿದ ಕುದುರೆಯ ಹಾಗೆ ಕುಪ್ಪಳಿಸುತ್ತದೆ ಅಂದೆ.
ಕಿಜಿಲ್-ಬೆಲ್ ಘಟ್ಟ ಹಾಳು, ರಸ್ತೆ ಹಾಳು,
ಜಪಾನಿನವರ ಮಾಲೇ ಹಾಳು,
ಎಲ್ಲ ಅಂದೆ, ಒಂದನ್ನು ಬಿಟ್ಟು.

ಕಿಟಕಿಯಿಂದ ನೋಡು, ಹಿಮದ ಮೇಲೆ ನಿನ್ನದೇ ಬರಹ:
ಒಳಗೆ ಬರಲು ನೀನು ಹೊರಳಿದಲ್ಲಿ
ಗೆರೆ ಒಂದಲ್ಲ, ಎರಡಲ್ಲ, ನಾಲ್ಕು.
ಒಳಮಗ್ಗುಲಿನ ಗಾಲಿ ಅಡ್ಡದಾರಿ ಹಿಡಿಯುತ್ತದೆ,
ಹೊರಮಗ್ಗುಲಿನದು ಊರು ಸುತ್ತಿ ಬರುತ್ತದೆ,
ಮುಂದಿನದರ ಹೆಜ್ಜೆಯ ಮೇಲೆ ಹಿಂದಿನದು ಹೆಜ್ಜೆಯಿಡುವುದಿಲ್ಲ.
ಒಂದೇ ಎಂಜಿನ್ನು, ನಾಲ್ಕು ದಾರಿ.
ಗಟ್ಟಿ ಸರಳಿನಿಂದ ನಾಲ್ಕನ್ನೂ ಬಿಗಿದರೆ
ಯಾವುದಾದರೂ ಒಂದು ಡಾಂಬರಿಗೆ ಮೈ ಉಜ್ಜಿಕೊಂಡು ಸಾಯಬೇಕು.

ಅದಕ್ಕೇ ನಡುವೆ ಡಿಫರೆನ್ಷಿಯಲ್ಲು,
ಹಲ್ಲಿಗೆ ಹಲ್ಲು ಕೊಟ್ಟು ಕೂತ ಪುಟ್ಟ ಪಂಚಾಯಿತಿ:
ನೀನು ನಿಧಾನವೋ, ಸರಿ, ಅವನು ಬೇಗ ಹೋಗಲಿ.
ನ್ಯಾಯವೇನೋ ಒಪ್ಪತಕ್ಕದ್ದು. ಬುದ್ಧಿ ಸ್ವಲ್ಪ ಕಡಿಮೆ.
ಒಂದು ಗಾಲಿ ಐಸಿನ ಮೇಲೆ ಸುಮ್ಮನೆ ಗಿರಗಿರ ತಿರುಗಿತೋ
ಸುತ್ತೆಲ್ಲ ಅದಕ್ಕೇ ಸುರಿಯುತ್ತದೆ;
ನೆಲ ಕಚ್ಚಿ ನಿಂತವು ಬಾಯಿಬಿಟ್ಟು ನೋಡುತ್ತವೆ.

ಅಪ್ಪನ ನಿವಾಕ್ಕೆ ಲಿವರ್ ಇತ್ತು.
ಜಾರಿದಾಗ ಎಳೆದು ಬೀಗ ಹಾಕು, ದಾಟಿದ ಮೇಲೆ ತೆಗೆ.
ಅಪ್ಪ ತೆಗೆಯುವುದನ್ನು ಮರೆಯುತ್ತಿದ್ದ.
ಹಿಂದಿನ ಸೀಟಿನಿಂದ, ಎರಡು ಕುರಿಗಳ ನಡುವಿನಿಂದ
ಅಮ್ಮ ನೆನಪಿಸುತ್ತಿದ್ದಳು.

ನಿನ್ನದಕ್ಕೆ ಲಿವರ್ ಇಲ್ಲ. ಅಮ್ಮನೇ ಒಳಗಿದ್ದಾಳೆ.
ಮುಚ್ಚಿದ ಡಬ್ಬಿ, ಅಂಗೈಯಗಲ,
ಅದರಲ್ಲಿ ತೆಳು ತಗಡಿನ ಬಿಲ್ಲೆಗಳು:
ಒಂದು ಮುಂದಿನ ಗಾಲಿಗಳ ಕಡೆಯದು, ಒಂದು ಹಿಂದಿನವುಗಳ ಕಡೆಯದು,
ಮತ್ತೆ ಮುಂದಿನದು, ಮತ್ತೆ ಹಿಂದಿನದು.
ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಸಿಲಿಕೋನ್ ಎಣ್ಣೆ.

ಈ ಎರಡು ತಟ್ಟೆ ಹಿಡಿ. ನಡುವೆ ನಮ್ಮೂರ ಬಿಳಿ ಜೇನು ಸವರಿದ್ದೇನೆ.
ಮೇಲಿನದನ್ನು ಮೆಲ್ಲಗೆ ತಿರುಗಿಸು. ಕೆಳಗಿನದು ನಿದ್ದೆಯಲ್ಲಿದೆ.
ರಭಸದಿಂದ ತಿರುಗಿಸು. ಎದ್ದು ಬಂತೇ ಜೊತೆಗೆ?
ಆದರೆ ಜೇನು ಕಾದರೆ ನೀರು.
ಇದು ಕಾದರೆ ಹಿಗ್ಗುತ್ತದೆ, ಹಿಗ್ಗಿ ಹಿಡಿಯುತ್ತದೆ,
ಜಾರುವ ಗಾಲಿಯ ಸೊಕ್ಕನ್ನು ಕಿತ್ತು
ನೆಲ ಕಚ್ಚಿದ ಗಾಲಿಗೆ ದಾಟಿಸುತ್ತದೆ.
ಜಾರಾಟ ಮುಗಿದ ಮೇಲೆ ತಣ್ಣಗಾಗಿ ಕೈ ಬಿಡುತ್ತದೆ.

ಹಿಡಿಯಬೇಕು, ಬಿಡಬೇಕು. ಅಷ್ಟೇ ಅದರ ವಿದ್ಯೆ.
ಬಿಡಲು ನೀನು ಬಿಡಲಿಲ್ಲ.

ಈ ದಾರ ತಗೋ. ಹಿಂದಿನ ಎಡ ಟಯರಿಗೆ ಸುತ್ತು. ಗುರುತು ಹಾಕು.
ಈಗ ಬಲಗಡೆಯದಕ್ಕೆ.
ಸಾಲಲಿಲ್ಲ, ಅಲ್ಲವೇ? ಎಷ್ಟು? ಎರಡು ಬೆರಳೂ ಇಲ್ಲ.
ಹೊಸದು ಹಾಕಿಸಿದ್ದು ಯಾವಾಗ? ಅಕ್ಟೋಬರ್.
ಒಂದೇ ಒಡೆದಿತ್ತು, ಒಂದೇ ಹಾಕಿಸಿದೆ.
ಅಂಗಡಿಯ ಲೆಕ್ಕ ಸರಿಯಾಗಿಯೇ ಇದೆ.

ರಸ್ತೆಯ ಲೆಕ್ಕ ಬೇರೆ. ಹೊಸದು ದಪ್ಪ,
ಕಿಲೋಮೀಟರಿಗೆ ಎಂಟು ಸುತ್ತು ಕಡಿಮೆ ತಿರುಗುತ್ತದೆ.
ಅರ್ಧವನ್ನು ಹಿಂದಿನ ಡಿಫರೆನ್ಷಿಯಲ್ ನುಂಗಿಕೊಂಡಿತು,
ಉಳಿದ ನಾಲ್ಕು ಈ ಡಬ್ಬಿಯ ತಲೆಗೆ.
ನೇರ ರಸ್ತೆಯಲ್ಲೂ, ಒಣ ರಸ್ತೆಯಲ್ಲೂ,
ಪ್ಯಾಸೆಂಜರ್ ಜೊತೆ ನೀನು ಕುರಿಯ ರೇಟು ಮಾತಾಡುವಾಗಲೂ
ಕೆಳಗೆ ಅದು ಸಂಭಾಳಿಸುತ್ತಲೇ ಇತ್ತು,
ಕಿಲೋಮೀಟರಿಗೆ ನಾಲ್ಕು, ಕಿಲೋಮೀಟರಿಗೆ ನಾಲ್ಕು,
ನರಿನ್‌ಗೆ ಹೋಗಿ, ನರಿನ್‌ನಿಂದ ಬಂದು.
ಎಣ್ಣೆ ಬೆಂದು ಗಟ್ಟಿಯಾಯಿತು.
ಹಿಡಿದದ್ದು ಹಿಡಿದೇ ಇದೆ. ಅದಕ್ಕೇ ಕುಪ್ಪಳಿಕೆ.

ಘಟ್ಟವನ್ನು ಬಯ್ದೆಯಲ್ಲ. ಪಾಪ, ಘಟ್ಟ.

ಬಿಷ್ಕೆಕ್‌ನ ಗುಜರಿಯಿಂದ ಡಬ್ಬಿ ಗುರುವಾರ ಬರುತ್ತದೆ.
ದುಡ್ಡು ಅರ್ಧ ಈಗ, ಅರ್ಧ ಮರಿ ಮಾರಿದ ಮೇಲೆ.
ಆ ಹೊಸ ಟಯರು ಬಿಚ್ಚು.
ಹಿತ್ತಿಲಲ್ಲಿ ಕೋಳಿ ಮಲಗುವ ಟಯರೊಂದಿದೆ,
ಉಳಿದ ಮೂರರಷ್ಟೇ ಸವೆದದ್ದು, ದಾರ ಹಿಡಿದು ನೋಡಿದ್ದೇನೆ.
ಮುಂದಿನ ಚಳಿಗೆ ಸಾಲದು, ಈ ಚಳಿಗೆ ಸಾಕು.
ಕೋಳಿಗೆ ನಾನು ಹೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು. ನಾಲ್ಕೂ ಎಳೆಯುವ ಕಾರೆಂದು
ಇಳಿಜಾರಿನಲ್ಲಿ ಮೀಸೆ ತಿರುವಬೇಡ.
ಹೊರಡಲು ನಿನಗೆ ನಾಲ್ಕು ಗಾಲಿ,
ತೊಕ್ತೊಸುನ್‌ನ ಮುದಿ ಲಾಡಾಕ್ಕೆ ಎರಡು.
ನಿಲ್ಲಲು ಅವನಿಗೂ ನಾಲ್ಕೇ, ನಿನಗೂ ನಾಲ್ಕೇ.

ಸರಿ, ಈಗ ಚಹಾ. ಆ ತಟ್ಟೆ ಕೊಡು.
ಅಯ್ಯೋ, ಅಂಟಿಕೊಂಡು ಕೂತಿವೆ.
ಬಿಸಿ ನೀರಿಗೆ ಹಿಡಿ.
ಇವಾದರೂ ಬಿಡುತ್ತವೆ.